ಓದಬಾರದ ಪರೀಕ್ಷೆ

ಮನಃಶಾಸ್ತ್ರದ ಪದವಿಗೆ ಸೇರಿದ ಮೊದಲ ವರ್ಷ ಗುಬ್ಬಿ ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ಕೂರಲು ಬಿಟ್ಟವಳಲ್ಲ. ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಅಮ್ಮ ಇನ್ನೊಂದು ಸಲ ಎದ್ದು ಹೋದರೆ ಅದಕ್ಕೊಂದು ಹೆಸರು. ಸೋದರಮಾವ ಮಾತಿನ ನಡುವೆ ಕಿವಿ ಕೆರೆದುಕೊಂಡರೆ ಅದಕ್ಕೊಂದು ಹೆಸರು. "ಇಷ್ಟು ದಿನ ಇದು ಮನೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಎಲ್ಲರೂ ಅಡ್ಮಿಟ್ ಆಗ್ಬೇಕಾದೋರೇ" ಎಂದು ಮಾವ ನಗುತ್ತಿದ್ದ. ಪಕ್ಕದ ಮನೆಯವರು ಎದುರಾದಾಗಲೆಲ್ಲ ಹಣೆ ಮುಂದೆ ಮಾಡಿ, "ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಎನ್ನುತ್ತಿದ್ದರು. ಅದು ಹಾಗಲ್ಲ ಎಂದು ಗುಬ್ಬಿ ಬಾಯಲ್ಲಿ ಹೇಳುತ್ತಿದ್ದಳಾದರೂ ಒಳಗೊಳಗೇ ತನಗೆ ಮನುಷ್ಯರ ಮುಖ ನೋಡಿದರೆ ಅರ್ಥವಾಗುತ್ತದೆ ಎಂಬ ಹೆಮ್ಮೆ ಇತ್ತು.

ಅಪ್ಪನ ಬಗ್ಗೆಯಂತೂ ಅವಳಿಗೆ ಸಂಶಯವೇ ಇರಲಿಲ್ಲ. ಅಪ್ಪ ತೆರೆದ ಬಾಗಿಲು ಎಂದು ಗೆಳತಿಯರಿಗೆ ಹೇಳುತ್ತಿದ್ದಳು. ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಸ್ಟ್ರೆಚರ್ ಹಿಡಿಸುವಷ್ಟು ಅಗಲದ ಹಳೇ ಲಿಫ್ಟ್. ಮೂಲೆಯಲ್ಲಿ ಅವರದೊಂದು ಸ್ಟೂಲು, ತಲೆಯ ಮೇಲೆ ಸದ್ದು ಮಾಡುವ ಪುಟ್ಟ ಫ್ಯಾನು. ಒಳಗೆ ಬಂದವರು ಬಾಯಿ ತೆರೆಯುವ ಮೊದಲೇ ಅಪ್ಪ ಕೇಳುತ್ತಿದ್ದರು: "ಯಾರನ್ನ ನೋಡ್ಬೇಕು? ಏನಾಗಿದೆ ಅವರಿಗೆ?" ಹೇಳಿದ ಕೂಡಲೇ ಸರಿಯಾದ ಮಹಡಿಗೆ ಒಯ್ದು, ಎಡಕ್ಕೆ ತಿರುಗಿ ಎಷ್ಟನೇ ಬಾಗಿಲು ಎಂದು ತೋರಿಸಿ ಬಿಡುತ್ತಿದ್ದರು. ನರ್ಸುಗಳು ಅವರನ್ನು ಮೇಲೆ-ಕೆಳಗೆ ಮಾಮ ಎಂದು ಕರೆಯುತ್ತಿದ್ದರು. ಅಳುತ್ತಾ ಹತ್ತಿದವರನ್ನು ನಗಿಸಿ ಇಳಿಸಿದ ಕಥೆಗಳು ಅಪ್ಪನ ಹತ್ತಿರ ಬೇಕಾದಷ್ಟಿದ್ದವು.

ಆದರೆ ಈ ಲಿಫ್ಟಿನ ವಿಷಯವನ್ನು ಗುಬ್ಬಿ ವಿಭಾಗದಲ್ಲಿ ಯಾರಿಗೂ ಹೇಳಿರಲಿಲ್ಲ. ಸೇರಿದ ಹೊಸತರಲ್ಲಿ ಯಾರೋ ಕೇಳಿದಾಗ, "ಅಪ್ಪ ಆಸ್ಪತ್ರೇಲಿದ್ದಾರೆ" ಎಂದಿದ್ದಳು. ಕೇಳಿದವಳು ಡಾಕ್ಟರಾ ಎಂದಳು. ಗುಬ್ಬಿ ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಅಂದಿನಿಂದ ತರಗತಿಯಲ್ಲಿ ಯಾರಿಗೆ ತಲೆನೋವು ಬಂದರೂ "ನಿಮ್ಮಪ್ಪನ್ನ ಒಂದು ಮಾತು ಕೇಳೇ" ಎಂದು ಅವಳ ಹತ್ತಿರ ಬರುತ್ತಿದ್ದರು. ಅವಳು ನೀರು ಜಾಸ್ತಿ ಕುಡಿಯಬೇಕಂತೆ ಎಂದು ಹೇಳಿ ಕಳಿಸುತ್ತಿದ್ದಳು.

ಕೊನೆಯ ವರ್ಷ ಪ್ರಯೋಗಶಾಲೆಯ ಕೆಲಸ ಹೆಚ್ಚಾಯಿತು. ವಿಭಾಗದ ಪ್ರಯೋಗಶಾಲೆ ಎಂದರೆ ಮಹಡಿಯ ತುದಿಯಲ್ಲಿದ್ದ ಉದ್ದನೆಯ ಕೋಣೆ. ಮೇಜುಗಳ ನಡುವೆ ಪ್ಲೈವುಡ್ಡಿನ ತಡಿಕೆ, ಗಾಜಿನ ಬೀರುವಿನಲ್ಲಿ ನಿಂತುಹೋದ ಹಳೆಯ ಯಂತ್ರಗಳು, ಗೋಡೆಯ ಮೇಲೆ ಬಣ್ಣ ಮಾಸಿದ ಮೆದುಳಿನ ಚಿತ್ರ. ಆ ಸಲ ಗುಬ್ಬಿಯ ಗುಂಪಿಗೆ ಬಂದದ್ದು ಬಣ್ಣ ಹೇಳುವ ಪರೀಕ್ಷೆ. ಕೇಳಲು ಮಕ್ಕಳಾಟದಂತಿರುತ್ತದೆ. ಮೊದಲ ಕಾರ್ಡಿನಲ್ಲಿ ಬರೀ ಬಣ್ಣದ ಚುಕ್ಕೆಗಳು. ಸಾಲಾಗಿ ಅವುಗಳ ಹೆಸರು ಹೇಳುತ್ತಾ ಹೋಗಬೇಕು. ಎರಡನೆಯದರಲ್ಲಿ ಚುಕ್ಕೆಗಳ ಬದಲು ಪದಗಳು. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ, 'ನೀಲಿ' ಎಂಬುದನ್ನು ಹಳದಿಯಲ್ಲಿ ಅಚ್ಚು ಹಾಕಿರುತ್ತಾರೆ. ಪದ ಏನೇ ಇರಲಿ, ಶಾಯಿಯ ಬಣ್ಣವನ್ನಷ್ಟೇ ಹೇಳಬೇಕು. ಇಲ್ಲೇ ಎಲ್ಲರೂ ಮುಗ್ಗರಿಸುವುದು. ಅಕ್ಷರ ಕಂಡರೆ ಸಾಕು, ಕಣ್ಣು ನಮ್ಮನ್ನು ಕೇಳದೆ ಓದಿಬಿಡುತ್ತದೆ. ಹಸಿರು ಎನ್ನಬೇಕಾದ ನಾಲಿಗೆ ಕೆಂಪು ಎನ್ನುತ್ತದೆ, ತಡವರಿಸುತ್ತದೆ, ತಿದ್ದಿಕೊಳ್ಳುತ್ತದೆ. ವಯಸ್ಸಾದವರಿಗೆ ಈ ಗೊಂದಲ ಇನ್ನೂ ಹೆಚ್ಚೇ ಎಂದು ನೋಡಲು ಪ್ರತಿಯೊಬ್ಬರೂ ಮನೆಯಿಂದ ಐವತ್ತು ದಾಟಿದ ಒಬ್ಬರನ್ನು ಕರೆತರಬೇಕು ಎಂದು ಮೇಡಂ ಹೇಳಿದರು.

ಅಮ್ಮನಿಗೆ ಇನ್ನೂ ಐವತ್ತಾಗಿರಲಿಲ್ಲ. ಮಾವ ಪರ ಊರಿಗೆ ಹೋಗಿದ್ದ. ಬೇರೆ ದಾರಿ ಇಲ್ಲದೆ ಗುಬ್ಬಿ ಅಪ್ಪನನ್ನು ಕೇಳಿದಳು. ಕೇಳುವಾಗಲೇ ಅವರು ಬರಲಾಗುವುದಿಲ್ಲ ಎಂದರೆ ಸಾಕು ಅಂದುಕೊಂಡಳು.

"ಓದೋದು ಗೀದೋದು ಇದೆಯಾ?" ಎಂದರು ಅಪ್ಪ. "ನನ್ನ ಕಣ್ಣು ಮೊದಲಿನ ಹಾಗಿಲ್ಲ."

"ಓದಲೇಬಾರದು ಅಪ್ಪ. ಬರೀ ಬಣ್ಣ ಹೇಳಿದ್ರೆ ಆಯ್ತು. ಓದಿದೋರು ಕೆಟ್ಟರು."

ಅಪ್ಪ ಅಮ್ಮನ ಕಡೆ ತಿರುಗಿ ಹುಬ್ಬೇರಿಸಿದರು. "ಕೇಳಿದ್ಯಾ? ಓದಬಾರದ ಪರೀಕ್ಷೆಯಂತೆ. ನಂಗೇ ಹೇಳಿ ಮಾಡಿಸಿದ ಹಾಗಿದೆ. ಬರ್ತೀನಿ ಬಿಡು, ಒಂದು ಬೆಳಿಗ್ಗೆ ಆ ಲಿಫ್ಟಿಗೂ ಬೇರೆ ಮುಖ ನೋಡಿದ ಹಾಗಾಗ್ಲಿ."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ನಗಲಿಲ್ಲ. "ಮೈ ಹುಷಾರಿಲ್ಲ ಅಂತ ಹೇಳಿ ಬಿಡಬಹುದಲ್ಲ" ಎಂದಳು. ಅಮ್ಮನಿಗೆ ಎಲ್ಲದಕ್ಕೂ ಆತಂಕ, ಅದು ಅವಳ ಸ್ವಭಾವ ಎಂದು ಗುಬ್ಬಿ ಅಂದುಕೊಂಡಳು.

ಆ ಶನಿವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೊರಟರು. ಕನ್ನಡಕವನ್ನು ಎಂದಿನಂತೆ ಜೇಬಿಗೆ ಸಿಕ್ಕಿಸಿಕೊಂಡರು. ದಾರಿಯುದ್ದಕ್ಕೂ ಗುಬ್ಬಿ ಒಂದು ಮಾತನ್ನು ಹೇಗೆ ಹೇಳುವುದೆಂದು ಲೆಕ್ಕ ಹಾಕುತ್ತಿದ್ದಳು: ಅಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಆಸ್ಪತ್ರೆ ಎಂದಷ್ಟೇ ಹೇಳು ಅಪ್ಪ. ವಿಭಾಗದ ಮೆಟ್ಟಿಲು ಮುಗಿದರೂ ಅದು ಬಾಯಿಂದ ಹೊರಬರಲಿಲ್ಲ.

ಬಂದಿದ್ದರೂ ಉಪಯೋಗವಾಗುತ್ತಿರಲಿಲ್ಲ. ಒಳಗೆ ಹೋಗಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅಪ್ಪ ಎಲ್ಲರಿಗೂ ಕೈ ಮುಗಿದು, "ನಾನು ಲಿಫ್ಟ್ ನಡೆಸ್ತೀನಿ, ದೊಡ್ಡಾಸ್ಪತ್ರೇಲಿ. ನಿಮ್ಮಲ್ಲಿ ಯಾರಿಗೂ ಅಲ್ಲಿಗೆ ಬರೋ ಹಾಗೆ ಆಗದಿರಲಿ; ಬಂದ್ರೆ ಮಾತ್ರ ಮೆಟ್ಟಿಲು ಹತ್ತಬೇಡಿ, ನನ್ನ ಕೇಳಿ" ಎಂದುಬಿಟ್ಟರು. ಹುಡುಗರು ನಕ್ಕರು. ತಲೆನೋವಿಗೆ ಸಲಹೆ ಕೇಳುತ್ತಿದ್ದವಳು ಗುಬ್ಬಿಯ ಮುಖ ನೋಡಿದಳು. ಗುಬ್ಬಿ ಸ್ಟಾಪ್‌ವಾಚಿನ ಗುಂಡಿ ಒರೆಸುತ್ತಾ ನಿಂತಳು. ಕಿವಿ ಸುಡುತ್ತಿತ್ತು.

ಆದರೆ ಸ್ವಲ್ಪ ಹೊತ್ತಿಗೇ ಗಾಳಿ ತಿರುಗಿತು. ಉಳಿದ ಹಿರಿಯರು ಪರೀಕ್ಷೆ ಎಂದ ಕೂಡಲೇ ಮೈ ಬಿಗಿಮಾಡಿಕೊಂಡು ಕೂತಿದ್ದರು. ಅಪ್ಪ ಅವರನ್ನೆಲ್ಲ ಮಾತಾಡಿಸಿ ಸಡಿಲ ಮಾಡಿದರು. ಹುಡುಗರು ಅಂಕಲ್, ಅಂಕಲ್ ಎಂದು ಸುತ್ತ ನೆರೆದರು. ಎಲ್ಲರ ಪರೀಕ್ಷೆಯಾಗುತ್ತಿದ್ದ ಹಾಗೆ ನಗು ಹೆಚ್ಚಾಯಿತು. ಒಬ್ಬರು ನಿವೃತ್ತ ಮೇಷ್ಟ್ರು ಎರಡನೇ ಕಾರ್ಡಿನಲ್ಲಿ ಎಡವಿ ಎಡವಿ ಕೊನೆಗೆ ಕಾರ್ಡನ್ನೇ ಬೈದರು.

ಕೊನೆಗೆ ಅಪ್ಪನ ಸರದಿ. ಗುಬ್ಬಿ ಕಾರ್ಡಿಟ್ಟು ಸ್ಟಾಪ್‌ವಾಚ್ ಒತ್ತಿದಳು. ಚುಕ್ಕೆಗಳನ್ನು ಅಪ್ಪ ಸರಾಗವಾಗಿ ಹೇಳಿದರು. ಎರಡನೇ ಕಾರ್ಡನ್ನೂ ಅಷ್ಟೇ ಸರಾಗವಾಗಿ ಹೇಳಿ ಮುಗಿಸಿದರು. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ, ನೀರು ಕುಡಿದ ಹಾಗೆ. ಗುಬ್ಬಿ ಗಡಿಯಾರ ನೋಡಿದಳು. ನಂಬಿಕೆಯಾಗದೆ ಮತ್ತೊಮ್ಮೆ ಮಾಡಿಸಿದಳು. ಎರಡು ಕಾರ್ಡಿಗೂ ಹೆಚ್ಚುಕಡಿಮೆ ಒಂದೇ ಸಮಯ. ಇಡೀ ತರಗತಿಯಲ್ಲಿ ಹಾಗೆ ಮಾಡಿದವರು ಒಬ್ಬರೂ ಇರಲಿಲ್ಲ. ಹುಡುಗರೂ ಇಲ್ಲ, ಹುಡುಗಿಯರೂ ಇಲ್ಲ.

"ಅಂಕಲ್ ತಲೆ ಅಂದ್ರೆ ತಲೆ" ಎಂದ ಒಬ್ಬ. ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಅಂಗಿಯ ಕಾಲರ್ ಎತ್ತಿ ಬಿಟ್ಟರು.

ಗುಬ್ಬಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಿವಿ ಸುಡುತ್ತಿದ್ದುದು ಮರೆತೇಹೋಯಿತು. ಈಗ ಇವರು ನನ್ನಪ್ಪ ಎಂದು ಇಡೀ ಕಟ್ಟಡಕ್ಕೆ ಕೂಗಿ ಹೇಳಬೇಕೆನಿಸಿತು. ಆಚೆ ಮೇಜಿನಿಂದ ಮೇಡಂ ಬಂದು ಎರಡೂ ಸಮಯಗಳನ್ನು ನೋಡಿದರು. ಅಪ್ಪನನ್ನು ನೋಡಿದರು. ಆಮೇಲೆ ಗುಬ್ಬಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನಿಮ್ಮ ತಂದೆ ಓದ್ತಾರಾ?"

"ದಿನಾ ಪೇಪರ್ ಬೇಕೇ ಬೇಕು ಮೇಡಂ" ಎಂದಳು ಗುಬ್ಬಿ, ಎಲ್ಲರಿಗೂ ಕೇಳುವ ಹಾಗೆ. "ಗಮನ ಅಂದ್ರೆ ಅಷ್ಟು ಗಮನ ಅವರಿಗೆ. ಬೇಕಾದ್ರೆ ಕಪ್ಪು ಅಕ್ಷರದ ಕಾರ್ಡನ್ನೂ ಓದಿಸಿ, ಅದೂ ಹೀಗೇ."

ಮೇಡಂ ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಬೀರುವಿನಿಂದ ಇನ್ನೊಂದು ಕಾರ್ಡ್ ತೆಗೆದು ಕೊಟ್ಟರು. ಅದರಲ್ಲಿ ಅದೇ ಪದಗಳು, ಆದರೆ ಎಲ್ಲವೂ ಕಪ್ಪು ಶಾಯಿಯಲ್ಲಿ. ಇದರಲ್ಲಿ ಹೇಳಲು ಬಣ್ಣವಿಲ್ಲ, ಓದುವುದೇ ಕೆಲಸ.

ಗುಬ್ಬಿ ಅದನ್ನು ಅಪ್ಪನ ಮುಂದಿಟ್ಟಳು. "ಇದನ್ನ ಸುಮ್ನೆ ಓದಿಬಿಡು ಅಪ್ಪ. ಇದೇ ಕೊನೇದು."

ಅಪ್ಪ ಕಾರ್ಡ್ ನೋಡಿದರು. "ಹೊತ್ತಾಯ್ತಲ್ಲ ಗುಬ್ಬಿ. ಮಧ್ಯಾಹ್ನದ ಶಿಫ್ಟಿಗೆ ಹೋಗ್ಬೇಕು."

"ಅರೆ ಗಳಿಗೆ ಕೆಲಸ ಅಪ್ಪ."

"ಕಣ್ಣು ಮಂಜಾಗಿದೆ. ಕನ್ನಡಕ ಇಲ್ದೆ ಆಗಲ್ಲ."

"ಜೇಬಲ್ಲೇ ಇದೆಯಲ್ಲ" ಎಂದಳು ಗುಬ್ಬಿ. ಎಲ್ಲರೂ ನಕ್ಕರು. ಅವಳೂ ನಗುತ್ತಾ ಬಾಗಿ, ಅಪ್ಪನ ಜೇಬಿನಿಂದ ಕನ್ನಡಕ ತೆಗೆದು, ಬಿಡಿಸಿ, ಅವರ ಮೂಗಿನ ಮೇಲೆ ತಾನೇ ಕೂರಿಸಿದಳು. ಹಾಗೆ ಕೂರಿಸುವಾಗ ಅಪ್ಪನ ಕಣ್ಣು ತೀರ ಹತ್ತಿರದಲ್ಲಿತ್ತು. ಅವರು ಅವಳನ್ನೇ ನೋಡುತ್ತಿದ್ದರು. ಬೇಡ ಎಂದು ಆ ಕಣ್ಣು ಹೇಳಿದ್ದು ಅವಳಿಗೆ ಆಮೇಲೆ, ಎಷ್ಟೋ ಸಲ, ಸ್ಪಷ್ಟವಾಗಿ ಕಂಡಿತು. ಆಗ ಕಾಣಲಿಲ್ಲ.

ಅಪ್ಪ ಬೆರಳನ್ನು ಮೊದಲ ಪದದ ಕೆಳಗಿಟ್ಟರು. "ಕೆಂಪು" ಎಂದರು. ಅಲ್ಲಿದ್ದದ್ದು 'ಹಳದಿ'. "ಹಸಿರು" ಎಂದರು, ಅಲ್ಲಿದ್ದದ್ದು 'ಕೆಂಪು'. ಹೀಗೇ ನಾಲ್ಕಾರು ಪದ, ಒಂದೊಂದಕ್ಕೂ ಬಾಯಿಗೆ ಬಂದ ಒಂದೊಂದು ಬಣ್ಣ. ಅಂಕಲ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹುಡುಗರು ಮೊದಲು ಜೋರಾಗಿ ನಕ್ಕರು. ಗುಬ್ಬಿಯೂ ನಕ್ಕಳು. "ಸರಿಯಾಗಿ ಓದಪ್ಪಾ" ಎಂದಳು. ಅಪ್ಪನ ಬೆರಳು ನಿಂತಿತು. ಹಣೆಯಲ್ಲಿ ಬೆವರಿತ್ತು. ಆಗ ಒಬ್ಬೊಬ್ಬರದೇ ನಗು ಆರುತ್ತಾ ಬಂತು. ಕೊನೆಗೆ ಆ ಉದ್ದನೆಯ ಕೋಣೆಯಲ್ಲಿ ಗುಬ್ಬಿಯ ಕೈಯಲ್ಲಿದ್ದ ಸ್ಟಾಪ್‌ವಾಚೊಂದೇ ಟಿಕ್‌ಟಿಕ್ ಎನ್ನುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಮೇಡಂ ಬಂದು ಕಾರ್ಡ್ ತೆಗೆದುಕೊಂಡರು. "ಸಾಕು ಸರ್. ತುಂಬಾ ಉಪಕಾರ ಆಯ್ತು."

ಅಪ್ಪ ಕನ್ನಡಕ ತೆಗೆದು ಮಡಿಸಿದರು. ಎಲ್ಲರಿಗೂ ಮತ್ತೆ ಕೈ ಮುಗಿದರು. "ಬರ್ತೀನಿ ಮಕ್ಕಳೇ, ಶಿಫ್ಟಿದೆ" ಎಂದು ನಗುತ್ತಲೇ ಹೇಳಿ ಹೊರಟರು. ಗುಬ್ಬಿ ಹಿಂದೆಯೇ ಓಡಬೇಕಿತ್ತು. ಕಿಟಕಿಯಿಂದ ನೋಡಿದಳು. ಬಿಳಿ ಅಂಗಿಯ ಬೆನ್ನು ಅಂಗಳ ದಾಟಿ, ಗೇಟು ದಾಟಿ, ಬಸ್ ನಿಲ್ದಾಣದ ಕಡೆ ತಿರುಗಿತು.

ಅವಳು ಮನೆಗೆ ಬಂದಾಗ ಅಮ್ಮ ಹೊಲಿಯುತ್ತಿದ್ದಳು. ಗುಬ್ಬಿ ಹೊಸ್ತಿಲಲ್ಲೇ ಕೂತಳು.

"ಅಮ್ಮ, ಅಪ್ಪನಿಗೆ ಓದೋಕೆ ಬರಲ್ವಾ?"

ಯಂತ್ರದ ಸದ್ದು ನಿಂತಿತು. "ಯಾರು ಹೇಳಿದ್ರು?"

ಗುಬ್ಬಿ ನಡೆದದ್ದನ್ನು ಹೇಳಿದಳು. ಜೇಬಿನಿಂದ ಕನ್ನಡಕ ತೆಗೆದು ಹಾಕಿದ್ದನ್ನು ಮಾತ್ರ ನುಂಗಿಕೊಂಡಳು. ಅಮ್ಮ ಬಟ್ಟೆಯಿಂದ ಸೂಜಿ ಬಿಡಿಸಿ, ದಾರ ಕತ್ತರಿಸಿ, ಆಮೇಲೆ ಮಾತಾಡಿದಳು.

"ಮದುವೆಯಾದ ಹೊಸದರಲ್ಲಿ ಅವರೇ ಹೇಳಿದ್ರು. ಹೇಳಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ರು. ಹಿರೀ ಮಗ, ತಾಯಿ ಹಾಸಿಗೆ ಹಿಡಿದಿದ್ರು, ತಮ್ಮ ತಂಗೀರನ್ನ ಇವರೇ ಎತ್ತಿ ಆಡಿಸಿದ್ದು. ಶಾಲೆಗೆ ಕಳ್ಸೋಕೆ ಯಾರಿದ್ರು? ಅಂಕಿ ಮಾತ್ರ ಹೇಗೋ ಕಲಿತ್ರು. ಸಹಿ ನಾನು ಕಲಿಸಿದ್ದು. ನಿನಗೆ ಗೊತ್ತಾಗ್ಬಾರ್ದು ಅಂತ ನನ್ನಿಂದ ಮಾತು ತಗೊಂಡಿದ್ರು. ನೀನು ಹುಟ್ಟಿದ ದಿನ."

"ಮತ್ತೆ ದಿನಾ ಪೇಪರು..."

"ಯಾರು ಓದ್ತಿದ್ರು ಅದನ್ನ? ನೆನಪು ಮಾಡ್ಕೋ."

ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಅಕ್ಷರ ಕೂಡಿಸಲು ಬಂದಾಗಿನಿಂದ ಬೆಳಿಗ್ಗೆ ಪೇಪರ್ ಓದಿ ಹೇಳುವುದು ಗುಬ್ಬಿಯ ಕೆಲಸ. "ನೀನು ಓದು, ಉಚ್ಚಾರ ಚೆನ್ನಾಗಾಗುತ್ತೆ" ಎಂದು ಅಪ್ಪ ಗಡ್ಡ ಕೆರೆದುಕೊಳ್ಳುತ್ತಾ ಕೇಳುತ್ತಿದ್ದರು. ಪೇಪರ್ ಓದೋಕೂ ಆಳು ಬೇಕು ನಮ್ಮಪ್ಪನಿಗೆ, ಅಷ್ಟು ಸೋಮಾರಿ ಎಂದು ಅವಳು ಗೆಳತಿಯರ ಮುಂದೆ ನಗಾಡಿದ್ದುಂಟು. ಹೋಟೆಲಿಗೆ ಹೋದರೆ "ನೀನು ಏನು ತಗೋತೀಯೋ ನನಗೂ ಅದೇ" ಎನ್ನುತ್ತಿದ್ದರು. ಅಂಕಪಟ್ಟಿ ತಂದರೆ "ಅಮ್ಮನಿಗೆ ತೋರಿಸು, ಅವಳೇ ಖಡಕ್ಕು." ಶಾಲೆಯಲ್ಲಿ ಬಹುಮಾನ ಬಂದ ಅವಳ ಪ್ರಬಂಧವನ್ನು ಅಪ್ಪ ಬಹಳ ಹೊತ್ತು ಕೈಯಲ್ಲಿ ಹಿಡಿದು, "ಅಕ್ಷರ ಎಷ್ಟು ದುಂಡಗಿದೆ" ಎಂದಿದ್ದರು. ಬರೆದದ್ದರ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದು ಅವಳು ಒಂದು ವಾರ ಮುನಿಸಿಕೊಂಡಿದ್ದಳು. ಮೂರು ವರ್ಷ ಮನಸ್ಸಿನ ಬಗ್ಗೆ ಪುಸ್ತಕಗಟ್ಟಲೆ ಓದಿದವಳು ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರನ್ನು ನೋಡಿರಲಿಲ್ಲ.

ರಾತ್ರಿ ಅಪ್ಪ ಬಂದರು. ಕೈಕಾಲು ತೊಳೆದರು, ಉಂಡರು, ಆಸ್ಪತ್ರೆಯಲ್ಲಿ ಯಾರೋ ಲಿಫ್ಟಿನಲ್ಲೇ ಚಪ್ಪಲಿ ಬಿಟ್ಟುಹೋದ ಕಥೆ ಹೇಳಿದರು. ಕನ್ನಡಕದ ಸುದ್ದಿ ಎತ್ತಲಿಲ್ಲ. ಆದರೆ ಅಮ್ಮನಿಗೆ ಹೇಳಿದ್ದರು. ಮಾರನೇ ದಿನ ಪಾತ್ರೆ ಒರೆಸುತ್ತಾ ಅಮ್ಮ ಗುಬ್ಬಿಯ ಕಡೆ ನೋಡದೆ ಕೇಳಿದಳು: "ಕನ್ನಡಕ ನೀನೇ ಹಾಕಿದ್ಯಂತೆ."

ಗುಬ್ಬಿ ತಲೆ ತಗ್ಗಿಸಿ ಹೂಂ ಎಂದಳು. ಅಮ್ಮ ಇನ್ನೊಂದು ಪಾತ್ರೆ ಎತ್ತಿಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅಪ್ಪ ಪೇಪರ್ ಓದಿ ಹೇಳು ಎನ್ನುವುದನ್ನು ಬಿಟ್ಟರು. ಅವಳೇ ಹಾಳೆ ಬಿಡಿಸಿ ಕೂತರೆ, ಮುಖ ತೊಳೆಯಬೇಕು ಎಂದೋ ಅಂಗಡಿಗೆ ಹೋಗಬೇಕು ಎಂದೋ ಎದ್ದುಬಿಡುತ್ತಿದ್ದರು. ಮಾತು ಇತ್ತು, ನಗು ಇತ್ತು, ಆದರೆ ಎಲ್ಲದರಲ್ಲೂ ಒಂದು ಮರ್ಯಾದೆ ಸೇರಿಕೊಂಡಿತು; ಲಿಫ್ಟಿನಲ್ಲಿ ದೊಡ್ಡ ಡಾಕ್ಟರು ನಿಂತಿದ್ದರೆ ಇರುತ್ತದಲ್ಲ, ಅಂಥ ಮರ್ಯಾದೆ. ಗುಬ್ಬಿಗೆ ಅದನ್ನು ತಡೆಯಲಾಗಲಿಲ್ಲ. ಒಂದು ದಿನ ಅಕ್ಷರಮಾಲೆಯ ಪುಸ್ತಕ, ಸ್ಲೇಟು ತಂದು ಅಪ್ಪನ ಪಕ್ಕ ಇಟ್ಟಳು.

"ನಾನು ಹೇಳಿಕೊಡ್ತೀನಿ ಅಪ್ಪ. ದಿನಾ ಸ್ವಲ್ಪ ಹೊತ್ತು. ಯಾರಿಗೂ ಗೊತ್ತಾಗಲ್ಲ."

ಅಪ್ಪ ಪುಸ್ತಕ ತೆರೆದು ಚಿತ್ರಗಳನ್ನು ನೋಡಿದರು. ಮುಚ್ಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮುಂದೆ ಒಂದು ಸಲ ಓದಿದೀನಲ್ಲ ಗುಬ್ಬಿ. ಸಾಕು."

ಆಮೇಲೆ ವಿಭಾಗದಲ್ಲಿ ಇನ್ನೊಂದು ವಿಷಯ ಎದ್ದಿತು. ಓದು ಬಾರದವರಿಗೆ ಈ ಪರೀಕ್ಷೆಯ ಗೊಂದಲ ತಟ್ಟುವುದಿಲ್ಲ ಎನ್ನುವುದು ಪುಸ್ತಕದ ಮಾತು; ಕಣ್ಣೆದುರು ಕಂಡವರು ಕಡಿಮೆ. ವಿಭಾಗದ ವಿಚಾರಗೋಷ್ಠಿಯಲ್ಲಿ ಇದನ್ನು ಮಂಡಿಸು ಎಂದು ಮೇಡಂ ಹೇಳಿದರು. ಹೆಸರು ಹೇಳುವ ಹಾಗಿಲ್ಲ, ಒಪ್ಪಿಗೆ ಮಾತ್ರ ಬೇಕು. ಮುಂದಿನ ಓದಿಗೆ ಶಿಫಾರಸು ಬೇಕಾದಾಗ ಇದು ಕೈ ಹಿಡಿಯುತ್ತದೆ ಎಂದೂ ಸೇರಿಸಿದರು. ಗುಬ್ಬಿ ಒಲ್ಲೆ ಎನ್ನಲಿಲ್ಲ. ಅಷ್ಟೇ ಅಲ್ಲ, ಮನೆಗೆ ಬಂದು ನಕ್ಷೆಯನ್ನೂ ಬರೆದಳು. ಎಲ್ಲರ ಗೆರೆಗಳೂ ಮೇಲಕ್ಕೇರಿದ್ದವು, ಅಪ್ಪನ ಗೆರೆ ಮಾತ್ರ ಮಟ್ಟಸವಾಗಿತ್ತು. ನೋಡಲು ಚೆಂದವಾಗಿಯೇ ಇತ್ತು. ಚೆಂದ ಎನಿಸಿತಲ್ಲ ಎಂದು ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಹೋಗಿ ಕೇಳಿದಳು.

"ಎಲ್ಲೂ ನಿನ್ನ ಹೆಸರು ಬರಲ್ಲ ಅಪ್ಪ."

"ಅಲ್ಲಿ ಕೂತೋರು ಯಾರು? ಅವತ್ತು ಇದ್ದ ಮಕ್ಕಳೇ ತಾನೆ?"

"ಹೌದು."

"ಮತ್ತೆ ಹೆಸರು ಯಾತಕ್ಕೆ ಬೇಕು? ಕನ್ನಡಕ ಹಾಕ್ಸಿಕೊಂಡೋನು ಅಂದ್ರೆ ಸಾಕಲ್ಲ." ಅಪ್ಪ ಮುಂದುವರಿಸಿದರು: "ನಿನ್ನ ಓದಿಗೆ ಅಡ್ಡ ಬರೋನಲ್ಲ ನಾನು. ಕೇಳಿದ್ಯಲ್ಲ, ಅದಕ್ಕೆ ಹೇಳ್ತೀನಿ. ಬೇಡ."

ಮರುದಿನ ಗುಬ್ಬಿ ಮೇಡಂ ಕೋಣೆಗೆ ಹೋದಳು. ಅಪ್ಪನ ಫಲಿತಾಂಶವನ್ನು ತೆಗೆದುಹಾಕುತ್ತೇನೆ, ಬೇರೆಯವರನ್ನು ಕರೆತಂದು ಮತ್ತೆ ಮಾಡುತ್ತೇನೆ ಎಂದಳು. ಅಪ್ಪ ಡಾಕ್ಟರಲ್ಲ ಎಂದು ಹೇಳದೆ ಇದ್ದದ್ದನ್ನೂ, ಯಾರೂ ಕೇಳದಿದ್ದರೂ, ಆ ಹೊತ್ತಿಗೆ ಹೇಳಿಬಿಟ್ಟಳು. ಅಳು ಬಂತು. ಮೇಡಂ ನೀರಿನ ಲೋಟ ಮುಂದೆ ಸರಿಸಿದರು. ಆಮೇಲೆ ಹೇಳಿದರು: "ಆ ಕಾರ್ಡ್ ಬೀರುವಿನಿಂದ ತೆಗೆದೋಳು ನಾನು. ನಿನಗೆ ಗೊತ್ತಿರಲಿಲ್ಲ. ನನಗೆ ಸುಮಾರಾಗಿ ಗೊತ್ತಾಗಿತ್ತು. ಖಾತ್ರಿ ಮಾಡ್ಕೋಬೇಕು ಅನ್ನೋ ಆಸೆ, ಅಷ್ಟೇ." ಅವರು ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಹೊರಳಿಸುತ್ತಿದ್ದರು. "ನಿಮ್ಮ ತಂದೆಗೆ ನಾನು ಕ್ಷಮೆ ಕೇಳ್ದೆ ಅಂತ ಹೇಳು. ಬೇಡ, ಹೇಳ್ಬೇಡ. ಮತ್ತೆ ಅದನ್ನೇ ಎತ್ತಿ ಆಡಿದ ಹಾಗಾಗುತ್ತೆ."

ಪಕ್ಕದ ಬೀದಿಯ ನಿವೃತ್ತ ಟೈಪಿಸ್ಟ್ ಒಬ್ಬರು ಬಂದು ಪರೀಕ್ಷೆಗೆ ಕೂತರು. ಎಲ್ಲರಂತೆ ಮುಗ್ಗರಿಸಿದರು. ಗುಬ್ಬಿಗೆ ಎಲ್ಲರಂತೆ ಅಂಕ ಬಂತು. ಗೋಷ್ಠಿಯಲ್ಲಿ ಬೇರೆ ಯಾರೋ ಮಾತಾಡಿದರು. ಅವಳು ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ತಲೆನೋವಿನ ಗೆಳತಿ ಮೊದಲಿನ ಹಾಗೇ ಪಕ್ಕ ಬಂದು ಕೂರುತ್ತಿದ್ದಳು, ಆದರೆ ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ಅವಳ ಆ ಜಾಣತನವೂ ಗುಬ್ಬಿಗೆ ಚುಚ್ಚುತ್ತಿತ್ತು.

ಮುಂದೆ ಗುಬ್ಬಿ ಇನ್ನೂ ಓದಿದಳು. ಬೇರೆ ಊರಿನ ಶಾಲೆಯೊಂದರಲ್ಲಿ ಮಕ್ಕಳ ಜೊತೆ ಮಾತಾಡುವ ಸಲಹೆಗಾರಳ ಕೆಲಸ ಸಿಕ್ಕಿತು. ಒಳ್ಳೆಯ ಕೆಲಸಗಾರ್ತಿ ಎಂದು ಹೆಸರಿದೆ. ಮನೆಯವರನ್ನು ನೋಡಿ ಹೆಸರು ಕೊಡುವ ಚಾಳಿ ಎಂದೋ ಬಿಟ್ಟುಹೋಗಿದೆ. ಈಗ ಮಾವ ತಾನಾಗಿಯೇ ಬಂದು, "ನನಗೇನಾಗಿದೆ ಹೇಳೇ" ಎಂದು ಕೆಣಕಿದರೂ "ನನಗೆ ಗೊತ್ತಾಗಲ್ಲ ಮಾವ" ಎನ್ನುತ್ತಾಳೆ. ಮಾವ ಅದನ್ನು ವಿನಯ ಅಂದುಕೊಂಡಿದ್ದಾನೆ.

ಅಪ್ಪನ ನಿವೃತ್ತಿಯಾದ ವರ್ಷ ಅವಳು ಅವರನ್ನು ತನ್ನ ಊರಿಗೆ ಕರೆದುಕೊಂಡು ಹೊರಟಳು. ಬಸ್ ನಿಲ್ದಾಣವನ್ನು ಒಡೆದು ಹೊಸದಾಗಿ ಕಟ್ಟಿದ್ದರು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯದೆ ಜನ ಅಲೆದಾಡುತ್ತಿದ್ದರು. ಗುಬ್ಬಿ ಚೀಲಗಳನ್ನು ಕೆಳಗಿಟ್ಟು ಫಲಕ ಹುಡುಕುತ್ತಿದ್ದಳು. ಅಷ್ಟರಲ್ಲಿ ಅಪ್ಪ ನೆಟ್ಟಗೆ ಹೋಗಿ, ಸಾಲಿನಲ್ಲಿ ನಿಂತಿದ್ದ ಒಬ್ಬ ಯುವಕನನ್ನು ಕೇಳಿದರು: "ಈ ಬಸ್ಸು ಎಲ್ಲಿಗಪ್ಪಾ? ನಂಗೆ ಓದೋಕೆ ಬರಲ್ಲ."

ದನಿ ಎಂದಿನ ಹಾಗೇ ದೊಡ್ಡದಿತ್ತು. ಸಾಲಿನವರೆಲ್ಲ ತಿರುಗಿ ನೋಡಿದರು. ಯುವಕ ಫಲಕ ನೋಡಿ ಊರಿನ ಹೆಸರು ಹೇಳಿದ. ಅಪ್ಪ ಹೀಗೆ ಹೇಳಲು ಯಾವಾಗ ಶುರುಮಾಡಿದರು, ಆಸ್ಪತ್ರೆಯಲ್ಲೂ ಹೇಳಿದ್ದರೇ, ಗುಬ್ಬಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಅಷ್ಟು ಜನರ ಕಣ್ಣು ಅಪ್ಪನಿಂದ ತನ್ನ ಕಡೆ ಬಂದಾಗ, ಇಷ್ಟು ವರ್ಷಗಳ ಮೇಲೂ, ಅವಳು ಬಾಗಿ ಸರಿಯಾಗೇ ಇದ್ದ ಚೀಲದ ಜಿಪ್ಪನ್ನು ಎಳೆಯತೊಡಗಿದ್ದಳು.

ಅಪ್ಪ ಬಂದು ದೊಡ್ಡ ಚೀಲ ಎತ್ತಿಕೊಂಡರು. ಅವಳು ಜಿಪ್ಪು ಎಳೆಯುತ್ತಿದ್ದುದನ್ನು ಅವರು ನೋಡಿದ್ದರು.

"ಇದೇ ಬಸ್ಸಂತೆ" ಎಂದರು. "ಬೇಗ ಬಾ, ಕಿಟಕಿ ಪಕ್ಕ ಸಿಕ್ಕಲ್ಲ ಆಮೇಲೆ."